ಮಗ್ಗಿ ಹೇಳಿಕೊಡೋ ಮೇಷ್ಟ್ರಿಗೇ ಪರೀಕ್ಷೆ!

ಬಿ.ಎಡ್. ಮುಗೀತು, ಮಗ ಮೇಷ್ಟ್ರಾದ ಅಂತ ಪೇಡ ಹಂಚುವ ಅಪ್ಪಂದಿರು ಸ್ವಲ್ಪ ತಾಳಬೇಕು. 2010ರ ನಿಯಮದ ಪ್ರಕಾರ ಒಂದರಿಂದ ಎಂಟನೇ ತರಗತಿಗೆ ಪಾಠ ಹೇಳಲು ಟಿಇಟಿ ಎಂಬ ಅರ್ಹತಾ ಪರೀಕ್ಷೆಯೂ ಆಗಬೇಕು. 150 ಅಂಕಕ್ಕೆ 90 ಬರಬೇಕು. ಪರಿಶಿಷ್ಟರು ಮುಂತಾದವರಿಗೆ ರಿಯಾಯಿತಿ ಉಂಟು. ಪಾಸಾದ ಮಾತ್ರಕ್ಕೆ ಸರ್ಕಾರಿ ಕೆಲಸವೂ ಇಲ್ಲ, ನೇಮಕಾತಿಯ ಪರೀಕ್ಷೆ ಬೇರೆ! ಮೊದಲು ಔಷಧಿ ಬಾಟಲಿಯಂತೆ ಈ ಸರ್ಟಿಫಿಕೇಟಿಗೂ ಏಳು ವರ್ಷದ ಅವಧಿ ಇತ್ತು. 2021ರಲ್ಲಿ ಆಜೀವ ಮಾಡಿದರು, ಒಳ್ಳೇದಾಯ್ತು.

ಆದರೆ ಬಿ.ಎಡ್. ಮಾಡಿದವರ ಪಾಡು ನೋಡಿ. ಒಂದರಿಂದ ಐದನೇ ತರಗತಿಗೂ ಇವರು ಆಗಬಹುದು ಅಂತ 2018ರಲ್ಲಿ ಹೊಸ ನಿಯಮ ಬಂತು. ಎಳೆ ಮಕ್ಕಳಿಗೆ ಕಲಿಸೋ ತರಬೇತಿ ಇವರಿಗಿಲ್ಲ, ಡಿ.ಎಡ್. ಆದವರೇ ಬೇಕು ಅಂತ 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕೋರ್ಟಿನ ಮಾತು ಸರಿಯೇ. ಆದರೆ ನಿಯಮ ನಂಬಿ ಫೀಸು ಕಟ್ಟಿದವರು ಬೀದಿಗೆ ಬಿದ್ದರು. ನಿಯಮ ಬರೆದವರ ಸಂಬಳವೇನೂ ನಿಲ್ಲಲಿಲ್ಲ.

ಈಗ ಹಳಬರ ಸರದಿ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರು ಎರಡು ವರ್ಷದೊಳಗೆ ಟಿಇಟಿ ಪಾಸು ಮಾಡಬೇಕು ಅಂತ 2025ರ ಸೆಪ್ಟೆಂಬರ್ 1ರಂದು ಅದೇ ಕೋರ್ಟು ಹೇಳಿತು. ಇಲ್ಲದಿದ್ದರೆ ಮನೆಗೆ. ಉಳಿದವರಿಗೆ ಕೆಲಸ ಉಂಟು, ಟಿಇಟಿ ಇಲ್ಲದೆ ಬಡ್ತಿ ಇಲ್ಲ.

ಹೊಸಬರಿಗೆ ಪರೀಕ್ಷೆ ಬೇಡ ಅನ್ನೋರು ಯಾರೂ ಇಲ್ಲ. ಅಂದಿನ ನಿಯಮದಂತೆ ಟಿ.ಸಿ.ಎಚ್. ಮಾಡಿ ಸೇರಿದವರಿಗೆ ಇಲಾಖೆಯೇ ತರಬೇತಿ ಕೊಡಿಸಬೇಕಲ್ಲವೇ? ಒಬ್ಬರೇ ಮೇಷ್ಟ್ರಿರುವ ಹಳ್ಳಿ ಶಾಲೆಯಲ್ಲಿ ಅವರು ಗೈಡು ಹಿಡಿದು ಕೂತರೆ ಮಗ್ಗಿ ಹೇಳಿಸೋರು ಯಾರು, ಬಿಸಿಯೂಟದ ಲೆಕ್ಕ ಬರೆಯೋರು ಯಾರು?