ಗೇಜಿನ ಮುಳ್ಳು ಎಷ್ಟು ನಿಜ?

ವರ್ತೂರು ಕೋಡಿಯ ಸುತ್ತಮುತ್ತ ಪಂಕ್ಚರ್ ಅಂಗಡಿಗಳಿಗೆ ಬರವಿಲ್ಲ. ಸ್ಕೂಟರ್ ನಿಲ್ಲಿಸಿದರೆ ಸಾಕು, ಹುಡುಗ ಪೈಪು ಎಳೆದು ತರುತ್ತಾನೆ. 'ಎಷ್ಟು ಹಾಕ್ಲಿ ಸಾರ್?' 'ಹಿಂದಕ್ಕೆ ಮೂವತ್ತು ಹಾಕಪ್ಪ.' ಮುಳ್ಳು 30ಕ್ಕೆ ಬಂದದ್ದನ್ನು ನೋಡಿ ಗಿರಾಕಿ ಹೊರಡುತ್ತಾರೆ. ಮರುದಿನ ವೈಟ್‌ಫೀಲ್ಡಿನ ಇನ್ನೊಂದು ಅಂಗಡಿಯ ಗೇಜು 26 ಎನ್ನುತ್ತದೆ. ಗಾಳಿ ಸೋರಿತೇ? ಮೊದಲಿನವನು ಮೋಸ ಮಾಡಿದನೇ? ಎರಡೂ ಅಲ್ಲದಿರಬಹುದು. ಗೇಜಿಗೆ ಇಷ್ಟು ತಪ್ಪಲು ನಿಯಮದಲ್ಲೇ ಅವಕಾಶವಿದೆ!

ಈ ಗೇಜನ್ನು ಬಿಚ್ಚಿ ನೋಡಿದರೆ ಒಳಗೆ ಕಾಣುವುದು ಕೊಕ್ಕೆಯಂತೆ ಬಾಗಿದ, ಚಪ್ಪಟೆಯಾದ ಒಂದು ಲೋಹದ ಕೊಳವೆ. ಅದರ ಒಂದು ತುದಿ ಮುಚ್ಚಿರುತ್ತದೆ. ಒಳಗೆ ಒತ್ತಡ ಏರಿದಂತೆ ಕೊಳವೆ ನೆಟ್ಟಗಾಗಲು ಹವಣಿಸುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಪೀಪಿಯ ಸುರುಳಿ ಬಿಚ್ಚಿಕೊಳ್ಳುವುದಿಲ್ಲವೇ, ಹಾಗೆ. ತುದಿಯ ಈ ಅಲ್ಪ ಚಲನೆಯನ್ನು ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವಿದು.

ಒಳ್ಳೆಯ ಗೇಜಿನ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ 1.6 ಅಥವಾ 2.5 ಎಂದು ನಿಖರತೆಯ ದರ್ಜೆ ನಮೂದಾಗಿರುತ್ತದೆ. ಇದು ಶೇಕಡಾವಾರು ಲೆಕ್ಕ. ಆದರೆ ಯಾವುದರ ಶೇಕಡಾ? ಮುಳ್ಳು ತೋರಿಸುವ ಅಂಕಿಯದಲ್ಲ, ಅಳತೆಪಟ್ಟಿಯ ಕೊನೆಯ ಅಂಕಿಯದು. ಗುಟ್ಟು ಇರುವುದೇ ಇಲ್ಲಿ. ಕಂಪ್ರೆಸರಿನ ಗೇಜು 160 ಪಿಎಸ್‌ಐವರೆಗೆ ಅಳೆಯುತ್ತದೆ, ದರ್ಜೆ 2.5 ಎನ್ನೋಣ. ಆಗ 4 ಪಿಎಸ್‌ಐ ಆಚೀಚೆ ಆಗಲು ಅದಕ್ಕೆ ಅನುಮತಿ ಇದೆ. ಮುಳ್ಳು 120ರಲ್ಲಿದ್ದಾಗ ಈ 4 ದೊಡ್ಡದಲ್ಲ. 30ರಲ್ಲಿದ್ದಾಗ ಶೇ. 13ಕ್ಕೂ ಹೆಚ್ಚು! ಅದೇ ದರ್ಜೆಯ, 60ರವರೆಗಿನ ಗೇಜಾದರೆ ತಪ್ಪು ಒಂದೂವರೆ ಪಿಎಸ್‌ಐ ಮೀರದು. ನಮಗೆ ಬೇಕಾದ ಅಂಕಿ ಪಟ್ಟಿಯ ನಡುಭಾಗದಲ್ಲಿ ಬರುವಂಥ ಗೇಜನ್ನು ಆರಿಸಬೇಕು ಎನ್ನುವುದು ಇದಕ್ಕೇ.

ಟೈರಿನಲ್ಲಿ ಇದು ಸವೆತದ, ಪೆಟ್ರೋಲಿನ ಪ್ರಶ್ನೆ. ಏರ್‌ಗನ್ನಿನಲ್ಲಿ ಸುರಕ್ಷತೆಯ ಪ್ರಶ್ನೆ. ಜಾತ್ರೆಯಲ್ಲಿ ಬಲೂನು ಹೊಡೆಯುವ ಬಂದೂಕಿಗೆ ಗೇಜು ಬೇಕಿಲ್ಲ. ಅದರಲ್ಲಿ ಗಾಳಿಯನ್ನು ಒತ್ತುವುದು ಸ್ಪ್ರಿಂಗು. ಸ್ಪರ್ಧೆಯ ಏರ್ ಪಿಸ್ತೂಲು ಹಾಗಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದ 10 ಮೀಟರ್ ಸ್ಪರ್ಧೆಯಲ್ಲಿ ಬಳಸುವ ಇಂಥ ಪಿಸ್ತೂಲಿನ ಪುಟ್ಟ ಸಿಲಿಂಡರಿಗೆ ಸಾಮಾನ್ಯವಾಗಿ 200 ಬಾರ್‌ವರೆಗೆ ಗಾಳಿ ತುಂಬುತ್ತಾರೆ. ಕಾರಿನ ಟೈರಿನಲ್ಲಿರುವುದು 2 ಬಾರ್‌ಗಿಂತ ತುಸು ಹೆಚ್ಚು, ಅಷ್ಟೆ.

ಸಿಲಿಂಡರಿನ ತುದಿಯ ಗೇಜು ಹೆಚ್ಚೆಂದರೆ ರೂಪಾಯಿ ನಾಣ್ಯದಷ್ಟು. ಅದು 300 ಬಾರ್‌ವರೆಗೆ ಅಳೆಯುವ 2.5 ದರ್ಜೆಯದಾದರೆ ತಪ್ಪು 7.5 ಬಾರ್ ಇರಬಹುದು. ಅಷ್ಟು ಚಿಕ್ಕ ಮುಖದಲ್ಲಿ ಗೆರೆಗಳೂ ಒತ್ತೊತ್ತು; ಕಣ್ಣು ತುಸು ಓರೆಯಾದರೂ ಓದು ಬದಲಾಗುತ್ತದೆ. ದೊಡ್ಡ ಟ್ಯಾಂಕಿನಿಂದ ತುಂಬುವಾಗ ಟ್ಯಾಂಕಿನ ಗೇಜು 200, ಪಿಸ್ತೂಲಿನದು 190 ತೋರಿಸಿತೆನ್ನಿ. ಇನ್ನೊಂದಿಷ್ಟು ತುಂಬೋಣ ಎನಿಸುವುದು ಸಹಜ. ಆದರೆ ಕವಾಟ ತೆರೆದಿದ್ದು ಹರಿವು ನಿಂತಮೇಲೆ ಎರಡೂ ಕಡೆಯ ಒತ್ತಡ ಹೆಚ್ಚುಕಡಿಮೆ ಒಂದೇ. ಭೇದ ಇರುವುದು ಗೇಜುಗಳಲ್ಲಿ. ಅನುಮಾನ ಬಂದಾಗ ಹೆಚ್ಚು ತೋರಿಸುವ ಗೇಜಿನ ಮಾತು ಕೇಳಿ ನಿಲ್ಲಿಸುವುದು ಕ್ಷೇಮ. ಗುಂಡಿನ ವೇಗಕ್ಕೆ ಇದರಿಂದ ನಷ್ಟವಿಲ್ಲ. ಪಿಸ್ತೂಲಿನೊಳಗಿನ ರೆಗ್ಯುಲೇಟರು ಒತ್ತಡವನ್ನು ತಗ್ಗಿಸಿ ಒಂದೇ ಮಟ್ಟದಲ್ಲಿ ಕೊಡುತ್ತದೆ.

ಬಿಸಿಲನ್ನೂ ಮರೆಯುವಂತಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಬಾರ್ ತುಂಬಿದ ಸಿಲಿಂಡರು 40 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 213 ಬಾರ್ ಆಗುತ್ತದೆ. ಸಿಲಿಂಡರಿಗೆ ತಯಾರಕರು ಸಾಮಾನ್ಯವಾಗಿ 10 ವರ್ಷದ ಆಯುಷ್ಯ ನಿಗದಿ ಮಾಡಿರುತ್ತಾರೆ. ಅವಧಿ ಮೀರಿದ್ದಕ್ಕೆ ಗೇಜು ಸರಿಯಾಗಿದೆ ಎಂದು ಗಾಳಿ ತುಂಬುವುದು ಅಪಾಯ.

ಗೇಜನ್ನು ಪರೀಕ್ಷಿಸುವ ಹಳೆಯ, ನಂಬಿಕಸ್ತ ವಿಧಾನ ತೂಕದ್ದು. 1 ಚದರ ಸೆಂಟಿಮೀಟರ್ ಕೊರೆಯಳತೆಯ ಕೊಂತದ ಮೇಲೆ 1 ಕಿಲೋ ತೂಕ ಇಟ್ಟರೆ ಕೆಳಗಿನ ಎಣ್ಣೆಯಲ್ಲಿ ಸುಮಾರು 0.98 ಬಾರ್ ಒತ್ತಡ ಹುಟ್ಟುತ್ತದೆ. ತೂಕ ಏರಿಸುತ್ತ ಮುಳ್ಳು ಎಲ್ಲೆಲ್ಲಿ ನಿಲ್ಲುತ್ತದೆಂದು ಗುರುತಿಸಿದರಾಯಿತು. ದೇಶದ ಮೂಲ ಮಾನಕಗಳು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿವೆ. ಕಾರ್ಖಾನೆಗಳು ವರ್ಷಕ್ಕೊಮ್ಮೆಯಾದರೂ ಗೇಜುಗಳನ್ನು ಹೀಗೆ ತಾಳೆ ನೋಡಿಸುವುದುಂಟು. ಬೀದಿಬದಿಯ ಗೇಜು ಕಂಬಕ್ಕೆ ಬಡಿಯುತ್ತ, ನೆಲಕ್ಕೆ ಬೀಳುತ್ತ ದಿನ ಕಳೆಯುತ್ತದೆ.

ಗಾಳಿ ಹಾಕಿಸುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿ. ಸೊನ್ನೆಯಲ್ಲಿ ತಡೆಗೂಟ ಇದ್ದರೆ ಅದನ್ನೂ ಪೂರ್ತಿ ನಂಬಬೇಡಿ. ಕೆಳಗಿಳಿದ ಮುಳ್ಳನ್ನು ಗೂಟ ಮರೆಮಾಚುತ್ತದೆ. ಟೈರು ತಣ್ಣಗಿರುವಾಗ ಅಳೆಯಿರಿ, ಆದಷ್ಟು ಒಂದೇ ಗೇಜಿನಲ್ಲಿ. ಮುಖದ ಕೊನೆಯ ಅಂಕಿ ಎಷ್ಟೆಂದು ನೋಡಿಕೊಂಡ ಮೇಲೆ ಬೇಕಿದ್ದರೆ ಆ ಹುಡುಗನೊಡನೆ ಜಗಳಕ್ಕಿಳಿಯಿರಿ.