ಸೋತವನಿಗೂ ತಿಳಿಯುವ ನಕ್ಷೆ

ಆಟದ ಹಲಗೆ ಹಿರಿದಾದಷ್ಟೂ ಆಟವೂ ಹಿರಿದಾಗುವುದೆ? ಮನೆಗಳು ಹೆಚ್ಚಿದಷ್ಟೂ ಬುದ್ಧಿಗೆ ಕೆಲಸ ಹೆಚ್ಚುವುದೆ? ಮೇಲುನೋಟಕ್ಕೆ ಇದು ಮಕ್ಕಳ ಜಗುಲಿಗೆ ಸೇರಿದ ಪ್ರಶ್ನೆ. ಆದರೆ ಈಗ ಆ ಜಗುಲಿಯೇ ಅಂಗೈಯಗಲದ ಫೋನಿನೊಳಕ್ಕೆ ಬಂದು ಕುಳಿತಿದೆ. ಹಲಸೂರಿನ ತಾತನೂ ಕೃಷ್ಣರಾಜಪುರದ ಮೊಮ್ಮಗಳೂ ತಮ್ಮ ತಮ್ಮ ಮನೆಯಲ್ಲಿ ಕುಳಿತೇ ಒಂದು ಹಲಗೆಯ ಮೇಲೆ ಸೈನ್ಯ ನಡೆಸಬಹುದು. ಆಟ ತೊಡಗುವ ಮೊದಲು ಅವರು ತೀರ್ಮಾನಿಸಬೇಕಾದುದು ಒಂದೇ: ಯಾವ ನಕ್ಷೆಯ ಮೇಲೆ ಆಡುವುದು? ಸರಳವಾದುದರ ಮೇಲೋ, ಜಟಿಲವಾದುದರ ಮೇಲೋ? ಈ ಒಂದು ಆಯ್ಕೆಯಿಂದಲೇ ಎಷ್ಟೋ ಮನೆಗಳಲ್ಲಿ ಆಟ ಬೆಳೆಯುತ್ತದೆ, ಎಷ್ಟೋ ಮನೆಗಳಲ್ಲಿ ಎರಡನೆಯ ದಿನಕ್ಕೇ ನಿಂತುಹೋಗುತ್ತದೆ.

ದೇಶಗಳನ್ನು ಗೆದ್ದುಕೊಳ್ಳುವ ಹಲಗೆಯಾಟಗಳಲ್ಲಿ ಲೋಕಪ್ರಸಿದ್ಧವಾದುದು 'ರಿಸ್ಕ್'. ಕೆಂಪು ಬಲೂನಿನ ಕಥೆಯನ್ನು ಚಿತ್ರವಾಗಿಸಿ ಹೆಸರಾದ ಫ್ರೆಂಚ್ ನಿರ್ದೇಶಕ ಆಲ್ಬರ್ಟ್ ಲಾಮೊರಿಸ್ ರಚಿಸಿದ ಈ ಆಟ 1957ರಲ್ಲಿ 'ವಿಶ್ವವಿಜಯ' ಎಂಬರ್ಥದ ಹೆಸರಿನಿಂದ ಫ್ರಾನ್ಸಿನಲ್ಲಿ ಹೊರಬಂದಿತು. ಅದರ ಹಲಗೆಯ ಮೇಲೆ ಪ್ರಪಂಚದ ಭೂಪಟವಿದೆ. ಆರು ಖಂಡಗಳು, 42 ಪ್ರದೇಶಗಳು. ದಾಳ ಉರುಳಿಸಿ ನೆರೆಯ ಪ್ರದೇಶವನ್ನು ಗೆಲ್ಲಬೇಕು. ಇಡೀ ಖಂಡ ಕೈವಶವಾದರೆ ಪ್ರತಿ ಸರದಿಗೂ ಹೆಚ್ಚಿನ ದಂಡು ದೊರೆಯುತ್ತದೆ. ಇದೇ ಬಗೆಯ ಆಟಗಳು ಈಗ ಅಂತರಜಾಲದಲ್ಲಿ ಹೇರಳವಾಗಿವೆ. ಹಲಗೆಯನ್ನು ರಟ್ಟಿನ ಮೇಲೆ ಅಚ್ಚು ಮಾಡುತ್ತಿದ್ದಾಗ ಅದರ ಗಾತ್ರಕ್ಕೆ ಒಂದು ಎಲ್ಲೆಯಿತ್ತು. ಮೇಜಿನ ಅಗಲವನ್ನು ಅದು ಮೀರುವಂತಿರಲಿಲ್ಲ. ಕಾಯಿಗಳನ್ನು ಎಣಿಸುವವನು ಮನುಷ್ಯನಾದುದರಿಂದ ಅವನ ತಾಳ್ಮೆಗೂ ಎಲ್ಲೆಯಿತ್ತು. ಗಣಕಯಂತ್ರ ಈ ಎರಡು ಎಲ್ಲೆಗಳನ್ನೂ ಅಳಿಸಿತು. ಎಣಿಕೆ ಅದರದು, ದಾಳ ಅದರದು, ತಪ್ಪು ನಡೆಯನ್ನು ತಡೆಯುವ ಕೆಲಸವೂ ಅದರದು. ನಕ್ಷೆಗೆ ಇನ್ನೂ ನೂರು ದೇಶಗಳನ್ನು ಸೇರಿಸಿದರೂ ಕಾಗದದ ಖರ್ಚಿಲ್ಲ. ಹೀಗಾಗಿ ನಕ್ಷೆಗಳು ಬೆಳೆದವು. ಬಂದರು, ಸುರಂಗ, ಕೋಟೆ, ನದಿ, ಒಮ್ಮುಖದ ದಾರಿ ಎಂದು ಅಲಂಕಾರಗಳೂ ಬೆಳೆದವು.

ಆದರೆ 'ಜಟಿಲ' ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆ. ಮನೆಗಳ ಸಂಖ್ಯೆ ಒಂದು. ಮನೆಗಳ ನಡುವಣ ದಾರಿಗಳು ಎರಡು. ದಾರಿಗಳಿಗೂ ಮನೆಗಳಿಗೂ ಅಂಟಿಸಿದ ವಿಶೇಷ ನಿಯಮಗಳು ಮೂರು. ಮೊದಲನೆಯದು ಹೆಚ್ಚಿದರೆ ಆಟ ಉದ್ದವಾಗುತ್ತದೆ. ಎರಡನೆಯದು ಹೆಚ್ಚಿದರೆ ಆಲೋಚನೆ ಆಳವಾಗುತ್ತದೆ. ಮೂರನೆಯದು ಹೆಚ್ಚಿದರೆ, ಬಹುಮಟ್ಟಿಗೆ, ಕಂಠಪಾಠವೇ ಹೆಚ್ಚುತ್ತದೆ. ಈ ಮೂರನ್ನು ಬೇರ್ಪಡಿಸದೆ ಸರಳ-ಜಟಿಲಗಳ ವಾದ ಹೂಡಿದರೆ ಅದು ಎಂದಿಗೂ ಮುಗಿಯದು.

ಇದನ್ನು ತಿಳಿಯಲು ಬೆಂಗಳೂರಿನ ಪೂರ್ವ ದಿಕ್ಕಿನ ಬಡಾವಣೆಗಳಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಶಿವಾಜಿನಗರದ ಒಳಗಲ್ಲಿಗಳಿಗೆ ಹೊಸಬನೊಬ್ಬ ಬಂದರೆ ದಿಕ್ಕು ತಪ್ಪುವುದು ಖಂಡಿತ. ಇಂದಿರಾನಗರದಲ್ಲಿ ಹಾಗಲ್ಲ, ಮೇನುಗಳಿಗೂ ಕ್ರಾಸುಗಳಿಗೂ ಸಂಖ್ಯೆಯಿದೆ, ರಸ್ತೆಗಳು ಬಹುಪಾಲು ನೇರವಾಗಿವೆ. ಮೊದಲನೆಯದು ಜಟಿಲ, ಎರಡನೆಯದು ಸರಳ ಎಂದು ಯಾರಾದರೂ ಹೇಳಿಯಾರು. ಆದರೆ ದಾರಿಗಳನ್ನು ಎಣಿಸಿ ನೋಡಬೇಕು. ಸುತ್ತುವ ಗಲ್ಲಿಯಲ್ಲಿ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಲು ಅನೇಕ ವೇಳೆ ಒಂದೇ ದಾರಿ. ಕಣ್ಣಿಗೆ ಗೊಂದಲ, ಬುದ್ಧಿಗೆ ಆಯ್ಕೆಯಿಲ್ಲ. ಚೌಕಳಿಯಂತೆ ಕೊಯ್ದ ಬಡಾವಣೆಯಲ್ಲಾದರೋ ಪೂರ್ವಕ್ಕೆ ನಾಲ್ಕು ಅಡ್ಡರಸ್ತೆ, ಉತ್ತರಕ್ಕೆ ನಾಲ್ಕು ಅಡ್ಡರಸ್ತೆ ದಾಟಬೇಕಾದವನಿಗೆ, ಒಂದು ಹೆಜ್ಜೆಯನ್ನೂ ವ್ಯರ್ಥ ಮಾಡದೆ ಹೋಗಬಹುದಾದ ದಾರಿಗಳು 70! ಕಣ್ಣಿಗೆ ಸರಳ, ಬುದ್ಧಿಗೆ ಸಮೃದ್ಧ. ಆಟದ ನಕ್ಷೆಗೂ ಇದೇ ಮಾತು ಸಲ್ಲುತ್ತದೆ. ಗೊಂದಲವಾಗಿ ಕಾಣುವುದೆಲ್ಲ ಆಳವಲ್ಲ. ಸ್ಪಷ್ಟವಾಗಿ ಕಾಣುವುದೆಲ್ಲ ಅಗ್ಗವಲ್ಲ.

ದಾರಿ ಹೆಚ್ಚಿರುವ ಕಡೆಯಲ್ಲಿ ಆಯ್ಕೆಯಿದ್ದರೆ, ದಾರಿ ಕಡಿಮೆಯಿರುವ ಕಡೆಯಲ್ಲಿ ಅಧಿಕಾರವಿದೆ. ಟಿನ್ ಫ್ಯಾಕ್ಟರಿಯ ಬಳಿ ಸಂಜೆಯ ಹೊತ್ತು ಬಸ್ಸಿನಲ್ಲಿ ಸಿಲುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಮದ್ರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಅಲ್ಲಿ ಕೂಡುತ್ತವೆ. ರೈಲುಹಳಿಯನ್ನು ದಾಟಲು, ಜನ ಹ್ಯಾಂಗಿಂಗ್ ಬ್ರಿಡ್ಜ್ ಎಂದು ಕರೆಯುವ ಸೇತುವೆಯತ್ತ ಎಲ್ಲರೂ ನುಗ್ಗುತ್ತಾರೆ. ಹತ್ತು ಬಡಾವಣೆಗಳ ಪ್ರಯಾಣ ಒಂದು ಕುತ್ತಿಗೆಯ ಮೇಲೆ ನಿಂತಿದೆ. 'ರಿಸ್ಕ್' ಆಟದ ಆಸ್ಟ್ರೇಲಿಯಾ ಇಂಥದೇ. ಅದರಲ್ಲಿರುವುದು ನಾಲ್ಕೇ ಪ್ರದೇಶ. ಸಯಾಮಿನಿಂದ ಇಂಡೋನೇಷ್ಯಾಕ್ಕೆ ಬರುವ ಒಂದೇ ಬಾಗಿಲು. ಹನ್ನೆರಡು ಪ್ರದೇಶಗಳ ಏಷ್ಯಾವನ್ನು ಪೂರ್ತಿ ಹಿಡಿದವನಿಗೆ ಸರದಿಗೆ ಏಳು ದಂಡು ಹೆಚ್ಚಾಗಿ ದೊರೆತರೆ, ಆಸ್ಟ್ರೇಲಿಯಾವನ್ನು ಹಿಡಿದವನಿಗೆ ಎರಡೇ. ಆದರೂ ಅನುಭವಿಗಳು ಮೊದಲು ಕಣ್ಣಿಡುವುದು ಆಸ್ಟ್ರೇಲಿಯಾದ ಮೇಲೆ. ಏಷ್ಯಾಕ್ಕೆ ಎಲ್ಲ ಕಡೆಯೂ ಬಾಗಿಲುಗಳು. ಇದಕ್ಕಾದರೋ ಒಬ್ಬ ಕಾವಲುಗಾರ ಸಾಕು. ಇದನ್ನು ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಹಲಗೆಯನ್ನು ಎರಡು ನಿಮಿಷ ದಿಟ್ಟಿಸಿದವನಿಗೆ ತಾನಾಗಿಯೇ ಹೊಳೆಯುತ್ತದೆ.

ಒಂದು ಗೆರೆಯ ಬೆಲೆ ಎಷ್ಟೆಂಬುದನ್ನೂ ಇದೇ ಪ್ರಾಂತದ ಜನ ಕಂಡಿದ್ದಾರೆ. ನಮ್ಮ ಮೆಟ್ರೋದ ಮೊದಲ ರೈಲು 2011ರ ಅಕ್ಟೋಬರ್ 20ರಂದು ಮಹಾತ್ಮಗಾಂಧಿ ರಸ್ತೆಯಿಂದ ಹಲಸೂರು, ಇಂದಿರಾನಗರಗಳ ಮೂಲಕ ಬೈಯಪ್ಪನಹಳ್ಳಿಗೆ ಓಡಿತು. 2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಇನ್ನೊಂದು ತುಂಡು ತೆರೆಯಿತು. ನಡುವೆ ಉಳಿದದ್ದು ಸುಮಾರು ಎರಡು ಕಿಲೋಮೀಟರು. ಆ ಎರಡು ಕಿಲೋಮೀಟರಿಗಾಗಿ ಜನ ರೈಲಿಳಿದು, ಬಸ್ಸು ಹತ್ತಿ, ಮತ್ತೆ ರೈಲು ಹತ್ತಬೇಕಾಗಿತ್ತು. ಅಕ್ಟೋಬರ್ 9ರಂದು ಆ ಕೊಂಡಿ ಕೂಡಿದೊಡನೆ ಎರಡು ತುಂಡುಗಳು ಒಂದು ದಾರಿಯಾದವು. ನಕ್ಷೆಯ ಮೇಲೆ ಅದು ಬೆರಳಿನ ಉಗುರಿನಷ್ಟು ಗೆರೆ. ಆಟದ ನಕ್ಷೆಯನ್ನು ಬರೆಯುವವನು ಈ ಮರ್ಮವನ್ನು ಬಲ್ಲವನಾದರೆ ನೂರು ದೇಶಗಳನ್ನು ಸೇರಿಸುವ ಬದಲು ಒಂದು ಗೆರೆಯನ್ನು ಸೇರಿಸಿಯೋ ಅಳಿಸಿಯೋ ಇಡೀ ಯುದ್ಧದ ಗತಿಯನ್ನು ಬದಲಿಸಬಲ್ಲನು.

ನಾಡಿನ ಹಳಬರು ಇದನ್ನು ಬಲ್ಲವರಾಗಿದ್ದರು. ಹುಲಿಕಟ್ಟಿನ ಆಟದ ಹಲಗೆಯನ್ನು ನೋಡಬೇಕು. ಸಾಮಾನ್ಯವಾದ ಒಂದು ಬಗೆಯಲ್ಲಿ ತುದಿಯಲ್ಲೊಂದು, ನಡುವಣ ಮೂರು ಅಡ್ಡಗೆರೆಗಳ ಮೇಲೆ ಆರಾರು, ಬುಡದಲ್ಲಿ ನಾಲ್ಕು, ಒಟ್ಟು 23 ಸ್ಥಾನಗಳು. ಮೂರು ಹುಲಿ, ಹದಿನೈದು ಆಡು. ಹುಲಿ ಆಡನ್ನು ಹಾರಿ ಕೊಲ್ಲಬೇಕು. ಆಡುಗಳು ಒತ್ತಾಗಿ ನಿಂತು ಹುಲಿಯನ್ನು ಅಲುಗದಂತೆ ಕಟ್ಟಬೇಕು. ಸೀಮೆಸುಣ್ಣದ ಚೂರೊಂದಿದ್ದರೆ ನೆಲದ ಮೇಲೆ ಅರೆನಿಮಿಷದಲ್ಲಿ ಬರೆದು ಮುಗಿಸಬಹುದಾದ ಈ ನಕ್ಷೆಯಲ್ಲಿ ಒಂದು ಮಧ್ಯಾಹ್ನವೆಲ್ಲ ಕಳೆಯುವಷ್ಟು ಚಿಂತನೆಯಿದೆ. ಇಂಥ ಆಟಗಳ ಗೆರೆಗಳನ್ನು ಹಂಪೆಯ ಕಲ್ಲುಹಾಸುಗಳ ಮೇಲೆ ಇಂದಿಗೂ ಕಾಣಬಹುದು.

ಆದರೆ ಸರಳತೆಗೂ ಒಂದು ಕೆಳಗಿನ ಎಲ್ಲೆ ಉಂಟು. ಒಂಬತ್ತು ಮನೆಗಳ ಸೊನ್ನೆ-ಕತ್ತರಿಯಾಟವನ್ನು ಬುದ್ಧಿವಂತ ಮಗು ಒಂದು ವಾರದಲ್ಲಿ ಬರಿದು ಮಾಡಿಬಿಡುತ್ತದೆ. ಇಬ್ಬರೂ ಎಚ್ಚರವಾಗಿದ್ದರೆ ಗೆಲ್ಲುವವರೇ ಇಲ್ಲ. ಒಂಬತ್ತೊಂಬತ್ತು ಕಾಯಿಗಳ ಸಾಲುಮನೆಯಲ್ಲಿ ಇರುವುದೂ 24 ಸ್ಥಾನಗಳೇ. ಆದರೆ ಅದನ್ನು ಬರಿದು ಮಾಡಲು 1993ರಲ್ಲಿ ರಾಲ್ಫ್ ಗಾಸರ್ ಎಂಬ ವಿದ್ವಾಂಸನು ಗಣಕಯಂತ್ರಗಳ ನೆರವು ಪಡೆಯಬೇಕಾಯಿತು. ಅಲ್ಲಿಯೂ ಸಿಕ್ಕ ಉತ್ತರ ಅದೇ: ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ. ಒಂಬತ್ತಕ್ಕೂ ಇಪ್ಪತ್ತನಾಲ್ಕಕ್ಕೂ ನಡುವೆ ಇರುವುದು ಹದಿನೈದು ಮನೆಗಳ ಅಂತರ. ಮಗುವಿಗೂ ಯಂತ್ರಕ್ಕೂ ನಡುವಣ ಅಂತರ ಅಷ್ಟರಲ್ಲೇ ಅಡಗಿದೆ.

ಜಟಿಲತೆಯ ಮೋಹವೂ ನಮ್ಮಲ್ಲಿ ಹೊಸದಲ್ಲ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ರಚನೆಯಲ್ಲಿ ಅದ್ವಿತೀಯರು. ಅವರ 'ಶ್ರೀತತ್ತ್ವನಿಧಿ'ಯ ಒಂದು ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಒಂದೊಂದು ಮನೆಯಲ್ಲಿ ಒಂದೊಂದೇ ಸಲ ನಿಲ್ಲಿಸಿ ಹಲಗೆಯನ್ನೆಲ್ಲ ಸುತ್ತಿಸುವ ಸಮಸ್ಯೆಯಲ್ಲಿ ಅವರಿಗೆ ಅಪಾರ ಆಸಕ್ತಿ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಅವರ ಆಟದ ಹಲಗೆಗಳು ಚಿತ್ರಗಳಾಗಿ ಉಳಿದಿವೆ. ಅವುಗಳ ಸೊಬಗನ್ನು ಮೆಚ್ಚದವರಿಲ್ಲ. ಆದರೆ ಇವತ್ತು ಹಳ್ಳಿಯ ಕಟ್ಟೆಯ ಮೇಲೆ ಆಡುವುದು ಹುಲಿಕಟ್ಟನ್ನು, ಚೌಕಾಬಾರವನ್ನು, ಅಳಗುಳಿಮಣೆಯನ್ನು. ಅರಸರ ಆಟಗಳು ಗೋಡೆಯನ್ನು ಸೇರಿದವು. ಆಳುಕಾಳುಗಳ ಆಟಗಳು ನೆಲದ ಮೇಲೆಯೇ ಉಳಿದವು. ಬರೆದುಕೊಳ್ಳಲು ಚಿತ್ರಕಾರ ಬೇಕಾದ ಹಲಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದು ಕಷ್ಟ.

ಇಷ್ಟೆಲ್ಲ ವಿಚಾರದ ಪ್ರಯೋಜನವೇನು? ಮೊದಲು ಹೇಳಿದ ತಾತ-ಮೊಮ್ಮಗಳ ಮನೆಯನ್ನೇ ಕಲ್ಪಿಸಿಕೊಳ್ಳಬಹುದು. ಮೊಮ್ಮಗಳು ಗೆಳತಿಯರೊಡನೆ ತಿಂಗಳುಗಟ್ಟಲೆ ಆಡಿದ, ನೂರೈವತ್ತು ದೇಶಗಳ ನಕ್ಷೆಯೊಂದನ್ನು ಆರಿಸುತ್ತಾಳೆ. ತಾತ ಕನ್ನಡಕ ಸರಿಪಡಿಸಿಕೊಂಡು ನಾಲ್ಕು ದಿನ ಶ್ರದ್ಧೆಯಿಂದ ಆಡಿ ಸೋಲುತ್ತಾರೆ.

"ಆ ಮೂಲೆಯ ಎರಡು ಬಂದರುಗಳನ್ನು ಒಟ್ಟಿಗೆ ಹಿಡಿದರೆ ಪ್ರತಿ ಸರದಿಗೂ ಮೂರು ದಂಡು ಜಾಸ್ತಿ ಸಿಗುತ್ತದೆ, ತಾತ. ನಿಮಗೆ ಗೊತ್ತಿರಲಿಲ್ಲವೆ?"

"ಗೊತ್ತಿರಲಿಲ್ಲವಮ್ಮ. ಗೊತ್ತಿದ್ದೂ ಸೋತಿದ್ದರೆ ನೀನು ಜಾಣೆ ಎನ್ನುತ್ತಿದ್ದೆ. ಈಗ ಏನೆನ್ನಲಿ?"

ಈ ಪ್ರಶ್ನೆಯಲ್ಲಿ ವಿಷಯದ ತಿರುಳೆಲ್ಲ ಇದೆ. ಸೋಲು ಯಾರನ್ನೂ ಆಟದಿಂದ ಓಡಿಸುವುದಿಲ್ಲ. ಹುಲಿಕಟ್ಟಿನಲ್ಲಿ ಸೋತ ಹುಡುಗ, 'ಆ ಮೂಲೆಯನ್ನು ಬಿಟ್ಟುಕೊಡಬಾರದಾಗಿತ್ತು' ಎಂದು ನೆಲದ ಮೇಲೆ ಬೆರಳಿಟ್ಟು ತೋರಿಸಬಲ್ಲ. ಆದುದರಿಂದಲೇ 'ಇನ್ನೊಂದಾಟ' ಎನ್ನುತ್ತಾನೆ. ಕಾರಣ ಕಾಣದ ಸೋಲು ಮಾತ್ರ ಮನಸ್ಸನ್ನು ಮುರಿಯುತ್ತದೆ. ನಿಯಮಗಳಿಂದ ಹೆಣೆದ ನಕ್ಷೆಯಲ್ಲಿ ಗೆಲ್ಲುವುದು ಹೆಚ್ಚು ಆಲೋಚಿಸಿದವನಲ್ಲ, ಮೊದಲು ಬಂದವನು. ಹಳಬನಿಗೆ ಅದು ಯುದ್ಧ. ಹೊಸಬನಿಗೆ ಅಪರಿಚಿತ ಊರಿನ ಕತ್ತಲೆ. ಎದುರಾಳಿಯ ಮುಖವೇ ಕಾಣದ ಅಂತರಜಾಲದ ಆಟದಲ್ಲಿ ಈ ಕತ್ತಲೆ ಇನ್ನೂ ದಟ್ಟ. ಅಲ್ಲಿ ಪಕ್ಕದಲ್ಲಿ ಕುಳಿತು 'ಆ ಕಡೆ ನೋಡಿ' ಎಂದು ಹೇಳುವವರಿಲ್ಲ.

ಜಟಿಲ ನಕ್ಷೆಗಳಿಗೂ ನ್ಯಾಯ ಸಲ್ಲಬೇಕು. ಚಿಕ್ಕ ನಕ್ಷೆಯಲ್ಲಿ ಮೊದಲ ಸರದಿ ಪಡೆದವನದೇ ಮೇಲುಗೈಯಾಗುವ ಅಪಾಯವುಂಟು. ಎರಡು ದಾಳ ಕೆಟ್ಟರೆ ಚೇತರಿಸಿಕೊಳ್ಳಲು ಜಾಗವಿಲ್ಲ. ಆರೆಂಟು ಮಂದಿ ಒಟ್ಟಿಗೆ ಆಡುವಾಗ ಒಬ್ಬೊಬ್ಬರಿಗೂ ಕಾಲೂರಲು ನೆಲ ಬೇಕು. ಒಂದೇ ನಕ್ಷೆಯನ್ನು ವರ್ಷಗಟ್ಟಲೆ ಆಡಿ ದಣಿದವರಿಗೆ ಹೊಸ ಭೂಗೋಳದ ಹಸಿವೂ ಸಹಜವೇ. ಸಮಬಲದ ಹಳಬರು ತಮ್ಮತಮ್ಮೊಳಗೆ ಎಷ್ಟು ಜಟಿಲವಾದುದನ್ನು ಆಡಿದರೂ ಆಕ್ಷೇಪವಿಲ್ಲ. ಅಲ್ಲಿ ಎಲ್ಲರಿಗೂ ಕತ್ತಲೆ ಒಂದೇ, ದೀಪವೂ ಒಂದೇ.

ಜಟಿಲವಾದುದನ್ನು ಸ್ಪಷ್ಟವಾಗಿ ತೋರಿಸುವ ವಿದ್ಯೆಯೂ ಇದೆ. 1933ರಲ್ಲಿ ಲಂಡನ್ನಿನ ಸುರಂಗ ರೈಲಿನ ಹೊಸ ನಕ್ಷೆ ಹೊರಬಂದಾಗ ಅದನ್ನು ಬರೆದ ಹ್ಯಾರಿ ಬೆಕ್ ಒಂದು ನಿಲ್ದಾಣವನ್ನೂ ಕಡಿಮೆ ಮಾಡಲಿಲ್ಲ. ಊರಿನ ನಿಜವಾದ ಅಂಕುಡೊಂಕುಗಳನ್ನು ಕೈಬಿಟ್ಟು, ಅಡ್ಡ, ಉದ್ದ, ಓರೆ ಗೆರೆಗಳಲ್ಲಿ ದಾರಿಗಳನ್ನು ಬಿಡಿಸಿ ತೋರಿಸಿದ, ಅಷ್ಟೆ. ಇಂದು ಬಹಳಷ್ಟು ಊರುಗಳ ರೈಲುನಕ್ಷೆಗಳು ಅದೇ ಬಗೆಯವು. ಆಟದ ನಕ್ಷೆ ಬರೆಯುವವರು ಇಷ್ಟನ್ನು ಮಾಡಿದರೆ ಐದಂಗುಲದ ಪರದೆಯ ಮೇಲೆ ಅರ್ಧ ಜಗಳ ತೀರುತ್ತದೆ.

ಮನೆಮಂದಿಯೊಡನೆ ಆಡುವವರಿಗೆ ಒಂದು ಸುಲಭ ಪರೀಕ್ಷೆಯನ್ನು ಸೂಚಿಸಬಹುದು. ಮೊದಲ ಆಟ ಮುಗಿದ ಮೇಲೆ ಸೋತವರನ್ನು, 'ಎಲ್ಲಿ ಕೈ ತಪ್ಪಿತು?' ಎಂದು ಕೇಳಬೇಕು. ಅವರು ನಕ್ಷೆಯ ಮೇಲೆ ಒಂದು ಸ್ಥಳವನ್ನು ತೋರಿಸಿ ಕಾರಣ ಹೇಳಬಲ್ಲರಾದರೆ ಆ ನಕ್ಷೆ ಆ ಮನೆಗೆ ತಕ್ಕದ್ದು. ದೇಶಗಳು ಇಪ್ಪತ್ತಿರಲಿ, ಇನ್ನೂರಿರಲಿ. ತೋರಿಸಲಾರದೆ ಹೋದರೆ ಇನ್ನೂ ಚಿಕ್ಕದನ್ನು ಆರಿಸಬೇಕು. ಇಲ್ಲವೆ ಹಳಬರಾದವರು ಆಟಕ್ಕೆ ಮುಂಚೆ ಬಂದರುಗಳ ಗುಟ್ಟನ್ನೆಲ್ಲ ಬಿಚ್ಚಿ ಹೇಳಬೇಕು. ಮೊಮ್ಮಗಳು ಹಾಗೆ ಹೇಳಿ ಆಮೇಲೆ ಗೆದ್ದಳಾದರೆ, ತಾತ ಅವಳನ್ನು ಜಾಣೆ ಎನ್ನಲು ಅಡ್ಡಿಯಿಲ್ಲ. ಮರುದಿನ ಸಂಜೆ ಮತ್ತೊಂದಾಟಕ್ಕೆ ತಾವಾಗಿಯೇ ಕರೆಯಲೂ ಅಡ್ಡಿಯಿಲ್ಲ.