ಹಿಂದುಮುಂದಾದ ತಲೆ

ಮಕ್ಕಳೇ, ಮೊನ್ನೆ ಗುಂಡ್ಲುಪೇಟೆಯ ನಮ್ಮ ಮನೆ ಜಗಲಿಯ ಮೇಲೆ ಒಂದು ದೊಡ್ಡ ಚರ್ಚೆ ನಡೆಯಿತು. ಒಂದು ಕಡೆ ನಾನು, ಇನ್ನೊಂದು ಕಡೆ ರಜೆಗೆ ಬಂದಿದ್ದ ಆರನೇ ತರಗತಿಯ ಮೊಮ್ಮಗ. ವಿಷಯ: ಲೋಕದಲ್ಲಿ ಅತಿ ದೊಡ್ಡ ದ್ರೋಹಿ ಯಾರು?

“ಶಕುನಿ” ಎಂದೆ ನಾನು.

“ಶಕುನಿ ಏನೂ ಅಲ್ಲ ತಾತ. ಶೆನ್ ಗೊಂಗ್‌ಬಾವ್!” ಎಂದ ಅವನು.

ಆ ಹೆಸರು ಕೇಳಿ ನಾನು ಕನ್ನಡಕ ಸರಿಮಾಡಿಕೊಂಡೆ. ಅವನು ಮೊಬೈಲಿನಲ್ಲಿ ನೆಜಾ ಎಂಬ ಚೀನೀ ಹುಡುಗನ ಸಿನಿಮಾ ನೋಡಿದ್ದ. ಅದರಲ್ಲಿ ಈ ಶೆನ್ ಗೊಂಗ್‌ಬಾವ್ ಎಂಬುವನು ತೊದಲುತ್ತಾ ಮಾತಾಡುವ, ಚಿರತೆಯ ಜನ್ಮದಿಂದ ಮೇಲೆ ಬಂದ ಮಾಂತ್ರಿಕ. ಒಬ್ಬ ತಾತನಿಗೆ ಗೊತ್ತಿಲ್ಲದ ಖಳನಾಯಕ ಮೊಮ್ಮಗನಿಗೆ ಗೊತ್ತಿದ್ದರೆ ತಾತನ ಮಾನ ಏನಾಗಬೇಕು? ನಾನೂ ಎರಡು ದಿನ ಕೂತು ಹುಡುಕಿ ಓದಿದೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

ಚೀನಾದಲ್ಲಿ ‘ಫೆಂಗ್‌ಶೆನ್ ಯಾನ್‌ಯಿ’ ಎಂಬ ದೊಡ್ಡ ಕಥೆಪುಸ್ತಕವಿದೆ. 16ನೇ ಶತಮಾನದ್ದು. ಸುಮಾರು 3,000 ವರ್ಷ ಹಿಂದೆ ಅಲ್ಲಿ ಶಾಂಗ್ ಎಂಬ ರಾಜವಂಶ ಬಿದ್ದು ಝೌ ಎಂಬ ವಂಶ ಎದ್ದ ಕಾಲವನ್ನು ಹಿಡಿದು ಹೆಣೆದ ಕಥೆ. ಅದರ ತುಂಬ ಸಾಧಕರೇ. ನಮ್ಮ ಕಥೆಗಳ ಸಿದ್ಧರ ಹಾಗೆ ಬೆಟ್ಟ ಹತ್ತಿ, ಗುರುವಿನ ಕಾಲ ಬಳಿ ಕೂತು, ಉಸಿರು ಬಿಗಿಹಿಡಿದು ನೂರಾರು ವರ್ಷ ಸಾಧನೆ ಮಾಡುತ್ತಾರೆ. ಮೋಡದ ಮೇಲೆ ಓಡಾಡುತ್ತಾರೆ. ಮನುಷ್ಯರಷ್ಟೇ ಅಲ್ಲ, ಸಾಧನೆ ಮಾಡಿದರೆ ನರಿಗೂ ಕಲ್ಲಿಗೂ ಶಕ್ತಿ ಬರುತ್ತದೆ.

ಇನ್ನೊಂದು ಸೋಜಿಗ ಕೇಳಿ. ಆ ನೆಜಾ ಎಂಬ ಹುಡುಗನ ಮೂಲ ನಮ್ಮ ನಲಕೂಬರ ಎಂದು ವಿದ್ವಾಂಸರು ಹೇಳುತ್ತಾರೆ. ಕುಬೇರನ ಮಗ ನಲಕೂಬರ ಗೊತ್ತಲ್ಲ? ಶಾಪದಿಂದ ಮತ್ತಿಮರವಾಗಿ ನಿಂತಿದ್ದವನು. ಬಾಲಕೃಷ್ಣ ಒರಳು ಎಳೆದುಕೊಂಡು ಹೋಗಿ ಆ ಜೋಡಿ ಮರಗಳನ್ನು ಉರುಳಿಸಿ ಬಿಡುಗಡೆ ಮಾಡಿದ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಕೊಳಲು ಹಿಡಿದು ನಿಂತವನೂ ಅದೇ ಗೋಪಾಲ. ಬೌದ್ಧ ಗ್ರಂಥಗಳ ಜೊತೆ ನಲಕೂಬರ ಚೀನಾಕ್ಕೆ ಹೋದ, ಅಲ್ಲಿ ನೆಜಾ ಆದ, ಈಗ ಮೊಬೈಲು ಹತ್ತಿ ನಮ್ಮ ಜಗಲಿಗೆ ವಾಪಸು ಬಂದಿದ್ದಾನೆ!

ಸರಿ, ದ್ರೋಹಿಯ ಕಥೆಗೆ ಬರೋಣ.

ಕುನ್‌ಲುನ್ ಪರ್ವತದಲ್ಲಿ ಒಬ್ಬ ಮಹಾಗುರು. ಅವನ ಶಿಷ್ಯರಲ್ಲಿ ಜಿಯಾಂಗ್ ಝಿಯಾ ಒಬ್ಬ, ಶೆನ್ ಗೊಂಗ್‌ಬಾವ್ ಇನ್ನೊಬ್ಬ. ಝಿಯಾ 32ನೇ ವಯಸ್ಸಿಗೆ ಬೆಟ್ಟಕ್ಕೆ ಬಂದು 40 ವರ್ಷ ಕಷ್ಟಪಟ್ಟವನು. ಆದರೂ ದೊಡ್ಡ ವಿದ್ಯೆ ಒಲಿಯಲಿಲ್ಲ. ಶೆನ್ ಗೊಂಗ್‌ಬಾವ್‌ಗೆ ಬೇಕಾದಷ್ಟು ವಿದ್ಯೆ ಬರುತ್ತಿತ್ತು. ಆದರೆ ಗುರು ದೊಡ್ಡ ಕೆಲಸವೊಂದನ್ನು ಝಿಯಾನಿಗೆ ಒಪ್ಪಿಸಿದ. ಮುಂದೆ ಯಾರು ಯಾರು ದೇವರಾಗಬೇಕೆಂಬ ಪಟ್ಟಿ ಅವನ ಕೈಗೆ ಬಂತು. ಗುರು ಒಂದು ಎಚ್ಚರಿಕೆಯನ್ನೂ ಕೊಟ್ಟ: “ದಾರಿಯಲ್ಲಿ ಯಾರಾದರೂ ನಿನ್ನನ್ನು ಕೂಗಿದರೆ ಓಗೊಡಬೇಡ. ಓಗೊಟ್ಟರೆ 36 ದಿಕ್ಕಿನಿಂದ ನಿನ್ನ ಮೇಲೆ ದಂಡು ಬರುತ್ತದೆ.”

ಝಿಯಾ ಹೊರಟ. ಹಿಂದಿನಿಂದ ಕೂಗು ಕೇಳಿಸಿತು. ಅವನು ತಿರುಗಲಿಲ್ಲ. ಮತ್ತೆ ಕೂಗು. ಆಗಲೂ ತಿರುಗಲಿಲ್ಲ. ಕೊನೆಗೆ ಆ ದನಿ ಹೇಳಿತು: ಇಷ್ಟು ವರ್ಷ ಜೊತೆಗಿದ್ದ ಗೆಳೆಯನನ್ನೇ ಮರೆತೆಯಾ? ಅಷ್ಟು ಕೇಳಿ ಝಿಯಾನ ಮನಸ್ಸು ಕರಗಿತು. ತಿರುಗಿ ನೋಡಿದರೆ ಶೆನ್ ಗೊಂಗ್‌ಬಾವ್.

“ಆ ಪಟ್ಟಿ ಸುಟ್ಟುಹಾಕು, ನನ್ನ ಕಡೆಗೆ ಬಾ. ನಿನಗೇನು ವಿದ್ಯೆ ಬರುತ್ತೆ? ನಾನು ನನ್ನ ತಲೆ ಕತ್ತರಿಸಿ ಆಕಾಶಕ್ಕೆ ಎಸೆದು ಮತ್ತೆ ಅಂಟಿಸಿಕೊಳ್ಳಬಲ್ಲೆ” ಎಂದ ಶೆನ್. ಸಾಧು ಸ್ವಭಾವದ ಝಿಯಾ, “ಹಾಗೆ ಮಾಡಿದರೆ ಸುಡುತ್ತೇನೆ” ಎಂದುಬಿಟ್ಟ. ಕಚಕ್! ತಲೆ ಆಕಾಶಕ್ಕೆ ಹಾರಿತು. ದೂರದಿಂದ ನೋಡುತ್ತಿದ್ದ ಹಿರಿಯ ಋಷಿಗೆ ಈ ಮೋಸ ಗೊತ್ತಾಯಿತು. ತನ್ನ ಶಿಷ್ಯನನ್ನು ಬಿಳಿ ಕೊಕ್ಕರೆಯ ರೂಪದಲ್ಲಿ ಕಳಿಸಿ ಆ ತಲೆಯನ್ನು ಕಚ್ಚಿಸಿಕೊಂಡು ಹೋಗಿಸಿದ. ಹೊತ್ತು ಮೀರಿದರೆ ಶೆನ್ ಸತ್ತೇಹೋಗುತ್ತಿದ್ದ.

ಆಗ ಅವನಿಗಾಗಿ ಬೇಡಿಕೊಂಡವರು ಯಾರು ಹೇಳಿ ನೋಡೋಣ? ಮೋಸಹೋಗಿದ್ದ ಝಿಯಾ! “ಪಾಪ, ಇಷ್ಟು ವರ್ಷ ಸಾಧನೆ ಮಾಡಿದವನು, ಬಿಟ್ಟುಬಿಡಿ” ಎಂದು ಅಂಗಲಾಚಿದ. ಕೊಕ್ಕರೆ ತಲೆಯನ್ನು ಮೇಲಿನಿಂದ ಬೀಳಿಸಿತು. ತಲೆ ಕತ್ತಿನ ಮೇಲೆ ಕೂತಿತು, ಆದರೆ ಹಿಂದುಮುಂದಾಗಿ! ಮುಖ ಬೆನ್ನಿನ ಕಡೆಗೆ. ಶೆನ್ ಎರಡೂ ಕಿವಿ ಹಿಡಿದು ತಿರುವಿ ಸರಿಮಾಡಿಕೊಂಡ. ಜೀವ ಉಳಿಸಿದವನಿಗೆ ಕೃತಜ್ಞತೆ ಹೇಳಿದನೇ? ಇಲ್ಲ. ಇನ್ನಷ್ಟು ಉರಿದುಬಿದ್ದ. ಬಿಳಿ ಹಣೆಯ ಹುಲಿ ಹತ್ತಿ ಹೊರಟವನು ಊರೂರು, ಬೆಟ್ಟ ಬೆಟ್ಟ ಸುತ್ತಿ, ಸವಿಮಾತಾಡಿ, ಒಳ್ಳೊಳ್ಳೆಯ ಸಾಧಕರನ್ನೆಲ್ಲ ಝಿಯಾನ ಮೇಲೆ ಎತ್ತಿಕಟ್ಟಿದ. ಅವನ ಮಾತು ಕೇಳಿ ಹೋದವರು ಒಬ್ಬೊಬ್ಬರಾಗಿ ಸತ್ತರು.

“ಹುಲಿ ಸವಾರನಾ?” ಎಂದು ಒಳಗಿನಿಂದ ನಮ್ಮ ಮನೆಯವರು ಕೇಳಿದರು. ಅವರ ತವರು ಹನೂರಿನ ಕಡೆ. ಹುಲಿ ಎಂದರೆ ಅವರಿಗೆ ಮಾದಪ್ಪನೇ. ಮಲೆ ಮಹದೇಶ್ವರನ ವಾಹನ ಹುಲಿ ತಾನೆ? ಅವರು ಬಂದು ಕೂತರು. “ನಿಮ್ ಚೀನಾದವ್ನ್ಗಿಂತ ನಮ್ ಶ್ರವಣ ಏನ್ ಕಮ್ಮಿಯಾ ಮಗ? ಕೇಳು ಹೇಳ್ತಿನಿ.”

ಮಕ್ಕಳೇ, ನಮ್ಮ ಚಾಮರಾಜನಗರ ಜಿಲ್ಲೆಯ ದೊಡ್ಡ ಕಾವ್ಯ ಯಾರೋ ಕೂತು ಬರೆದದ್ದಲ್ಲ, ಹಾಡಿ ಉಳಿದದ್ದು. ದೇವರಗುಡ್ಡರು ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಅಗಲದ ತಾಳ ಹಿಡಿದು, ಕಂಸಾಳೆ ಬಡಿಯುತ್ತಾ ರಾತ್ರಿಯೆಲ್ಲ ಮಾದಪ್ಪನ ಕಥೆ ಹಾಡುತ್ತಾರೆ. ಅದರ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು: ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಹೀಗೆ. ಹಾಡುವವರು ಬದಲಾದಂತೆ ಕಥೆಯೂ ಅಷ್ಟಿಷ್ಟು ಬದಲಾಗುತ್ತದೆ. ಅಜ್ಜಿ ಹೇಳಿದ್ದು ಅವರು ಕೇಳಿ ಬೆಳೆದ ಬಗೆ.

ಶ್ರವಣ ಬಂಕಾಪುರಿಯ ದೊರೆ. ದೇವತೆಗಳನ್ನೆಲ್ಲ ಸೆರೆಹಿಡಿದು ತನ್ನ ಊಳಿಗಕ್ಕೆ ಹಚ್ಚಿದ್ದ. ಅವನನ್ನು ಅಳಿಸಲೆಂದೇ ಉತ್ತರಾಜಮ್ಮನ ಮಗನಾಗಿ ಮಾದಪ್ಪ ಬಂದ. ನೇರ ಯುದ್ಧಕ್ಕೆ ಬಗ್ಗುವವನಲ್ಲ ಶ್ರವಣ. ಆಗ ಮಾದಪ್ಪ ಹರಳಯ್ಯನ ಕೈಯಿಂದ ಒಂದು ಜೊತೆ ಎಕ್ಕಡ ಮಾಡಿಸಿದ. ಎಕ್ಕಡ ಎಂದರೆ ಚಪ್ಪಲಿ. ಅದರ ಒಳಗೆ ಅರಗು. ಶ್ರವಣ ಅದನ್ನು ಮೆಟ್ಟಿ ನಡೆದ. ಕಾದ ಬಂಡೆಯ ಮೇಲೆ ಕಾಲಿಟ್ಟಾಗ ಅರಗು ಕರಗಿ ಉರಿಯಿತು. ಶ್ರವಣನ ಕಥೆ ಮುಗಿಯಿತು, ಸೆರೆಯಲ್ಲಿದ್ದವರ ಬಾಗಿಲು ತೆರೆಯಿತು.

ಅಜ್ಜಿ ಕೈಮುಗಿದರು. ಮೊಮ್ಮಗ ಮಾತ್ರ ಹುಬ್ಬು ಗಂಟಿಕ್ಕಿದ.

“ತಾತ, ಹಾಗಾದರೆ ಮಾದಪ್ಪನೂ ಮೋಸ ಮಾಡಿದಂಗಾಯ್ತಲ್ಲ? ಶೆನ್ ಮಾಡಿದ್ರೆ ದ್ರೋಹ, ಮಾದಪ್ಪ ಮಾಡಿದ್ರೆ ಅಲ್ವಾ?”

ಅಜ್ಜಿ ನನ್ನ ಮುಖ ನೋಡಿದರು. ನಾನು ತೊಲೆ ನೋಡಿದೆ. ತಾತಂದಿರೇ, ನೀವೂ ಇಂಥ ಕಡೆ ಸಿಕ್ಕಿಕೊಂಡಿದ್ದೀರಿ ಅಲ್ಲವೇ? ‘ದೇವರ ವಿಷಯದಲ್ಲಿ ಹಾಗೆಲ್ಲ ಕೇಳಬಾರದು’ ಎಂದು ಗದರಿಸಬಹುದಿತ್ತು. ಆದರೆ ಮಗು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಅಜ್ಜಿಯೇ ದಾರಿ ತೋರಿಸಿದರು. “ಅದ್ಕೇ ಅಲ್ವಾ ಮಗ ಅವನ್ನ ಮಾಯ್ಕಾರ ಅನ್ನದು. ಆದ್ರ ಅರಗು ಅಂದ್ರ ಇನ್ನೊಂದು ಕಥೆಯೂ ಅದ ನೋಡು.”

ಹೌದು, ಅರಗಿನ ಮನೆ! ದುರ್ಯೋಧನ ಪುರೋಚನನ ಕೈಯಿಂದ ವಾರಣಾವತದಲ್ಲಿ ಕಟ್ಟಿಸಿದ್ದು. ಬನ್ನಿ, ಸುಖವಾಗಿರಿ ಎಂದು ಸವಿಮಾತಾಡಿ ಕುಂತಿಯನ್ನೂ ಐದು ಮಕ್ಕಳನ್ನೂ ಅದರೊಳಗೆ ಮಲಗಿಸಿದರು. ಅಲ್ಲಿಯೂ ಅರಗು, ಇಲ್ಲಿಯೂ ಅರಗು. ಮನೆಯಲ್ಲಿ ಇದ್ದವರು ನಂಬಿ ಬಂದ ನೆಂಟರು. ಎಕ್ಕಡ ಮೆಟ್ಟಿದವನು ಊರೆಲ್ಲವನ್ನೂ ಸೆರೆಯಲ್ಲಿಟ್ಟವನು. ಒಂದು ಅರಗು ನಂಬಿದವರನ್ನು ಸುಡಲು, ಇನ್ನೊಂದು ಬೀಗ ಕರಗಿಸಲು. ದ್ರೋಹ ಎಂದರೆ ಬರೀ ಉಪಾಯವಲ್ಲ. ನಿನ್ನನ್ನು ನಂಬಿದವನ ನಂಬಿಕೆಯನ್ನೇ ಹಗ್ಗ ಮಾಡಿ ಅವನ ಕತ್ತಿಗೆ ಹಾಕುವುದು. ಶೆನ್ ‘ಗೆಳೆಯಾ’ ಎಂದು ಕೂಗಿದನಲ್ಲ, ದ್ರೋಹ ಇರುವುದು ಆ ಕೂಗಿನಲ್ಲಿ.

ಮೊಮ್ಮಗ ಅರ್ಧ ಒಪ್ಪಿದ. ರಾತ್ರಿ ಮಲಗುವಾಗ ಇನ್ನೊಂದು ಪ್ರಶ್ನೆ ಬಂತು, ಮೆಲ್ಲಗೆ. “ತಾತ, ಒಂದ್ಸಲ ದ್ರೋಹ ಮಾಡಿದವನು ಯಾವಾಗಲೂ ದ್ರೋಹೀನಾ?”

ಈ ಪ್ರಶ್ನೆ ಸಿನಿಮಾದಿಂದ ಬಂದದ್ದಲ್ಲ ಎಂದು ನನಗನ್ನಿಸಿತು. ಆದರೂ ಕೇಳಲಿಲ್ಲ.

ಮಾರನೆಯ ದಿನ ಚಾಮರಾಜನಗರದಲ್ಲಿರುವ ನನ್ನ ತಂಗಿಯ ಮನೆಗೆ ಹೊರಟೆವು. ಬಸ್ಸು ತೆರಕಣಾಂಬಿ ದಾರಿ ಹಿಡಿಯಿತು. ಅಕ್ಕಪಕ್ಕ ಅರಿಶಿನದ ಹೊಲ, ಚೆಂಡುಹೂವಿನ ಹೊಲ. ಕಿಟಕಿ ಪಕ್ಕ ಕೂತ ಅವನಿಗೆ, ಮನೆಯಲ್ಲಿ ಯಾರಿಗೂ ಹೇಳದ ನನ್ನ ಕಥೆ ಹೇಳಿದೆ.

ನನಗೂ ಆಗ ಅವನಷ್ಟೇ ವಯಸ್ಸು. ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ. ಕೃಷ್ಣನ ಪಾತ್ರ ನನ್ನ ಪ್ರಾಣಸ್ನೇಹಿತನಿಗೆ ಸಿಕ್ಕಿತ್ತು. ಅವನ ಕಂಠ ಚೆನ್ನಾಗಿತ್ತು. ನನಗೆ ಬಾಗಿಲು ಕಾಯುವ ಭಟನ ಪಾತ್ರ. ಹೊಟ್ಟೆಯೊಳಗೆ ಉರಿ. ಒಂದು ಸಂಜೆ ಅವನ ಹೆಗಲ ಮೇಲೆ ಕೈಹಾಕಿ ಹೇಳಿದೆ: “ನಾಳ ಮೇಷ್ಟ್ರು ಬರಲ್ವಂತೆ, ಪ್ರಾಕ್ಟೀಸ್ ಇಲ್ಲ. ನೀನು ಹೊಲಕ್ಕ ಹೋಗು.” ಅವನು ನಂಬಿದ. ಮೇಷ್ಟ್ರು ಬಂದರು. ಅವನು ಇಲ್ಲ. ಮೇಷ್ಟ್ರಿಗೆ ಸಿಟ್ಟು. ಕೃಷ್ಣನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಟ್ಟಿದ್ದವನು ಯಾರು? ನಾನೇ. ಪಾತ್ರ ನನಗೆ ಬಂತು.

ನಾಟಕದ ದಿನ ಬಣ್ಣ ಹಚ್ಚಿಕೊಂಡು ಕೂತಿದ್ದೆ. ಕಿರೀಟಕ್ಕೆ ಗರಿ ಇರಲಿಲ್ಲ. ಅವನು ಹಿಂಬಾಗಿಲಿನಿಂದ ಬಂದ. ಕಾಡಂಚಿನಲ್ಲಿ ಹೆಕ್ಕಿ, ತನಗೆಂದು ಪುಸ್ತಕದೊಳಗೆ ಇಟ್ಟುಕೊಂಡಿದ್ದ ನವಿಲುಗರಿಯನ್ನು ನನ್ನ ಕಿರೀಟಕ್ಕೆ ಸಿಕ್ಕಿಸಿ ಹೋದ. ಅವತ್ತು ಜನ ಚಪ್ಪಾಳೆ ತಟ್ಟಿದರು. ನನಗೆ ಒಂದೂ ಕೇಳಿಸಲಿಲ್ಲ.

ಹೇಳಿಕೊಳ್ಳಲು ಮೂವತ್ತು ವರ್ಷ ಬೇಕಾಯಿತು. ತೆರಕಣಾಂಬಿಯ ಸಂತೆಯಲ್ಲಿ ಸಿಕ್ಕಿದಾಗ ಹೇಳಿಬಿಟ್ಟೆ. ಅವನು ನಕ್ಕ. “ನಂಗ ಅವತ್ತೇ ಗೊತ್ತಿತ್ತು ಕನ.”

“ಮತ್ತ ಗರಿ ಯಾಕ ಕೊಟ್ಟ?”

“ಗರಿ ಇಲ್ದ ಕೃಷ್ಣ ಎಲ್ಲಾದ್ರೂ ಇದ್ದನಾ?”

ಇಷ್ಟು ಹೇಳುವಾಗ ಬಸ್ಸು ತೆರಕಣಾಂಬಿಯಲ್ಲಿ ನಿಂತಿತ್ತು. ಮೊಮ್ಮಗ ಏನೂ ಮಾತಾಡಲಿಲ್ಲ. ಸಂಜೆ ಚಾಮರಾಜನಗರದಿಂದ ಹಿಂದಿರುಗುವಾಗ, “ಇಲ್ಲಿ ಇಳಿಯೋಣ ತಾತ, ಆ ತಾತನ್ನ ನೋಡಬೇಕು” ಎಂದ. ಇಳಿದೆವು. ನನ್ನ ಗೆಳೆಯ ಅಂಗಳದಲ್ಲಿ ಕಾಯಿ ಸುಲಿಯುತ್ತಾ ಕೂತಿದ್ದ. ಹುಡುಗ ಸುತ್ತಿಬಳಸದೆ ಕೇಳಿಯೇಬಿಟ್ಟ: “ನಿಮಗೆ ಸಿಟ್ಟು ಬರಲಿಲ್ವಾ ತಾತ?”

“ಬಂತು ಮಗ, ಬರ್ದ ಇದ್ದದಾ? ಮೂರು ದಿನ ಇವ್ನ ಜೊತ ಮಾತಾಡ್ನಿಲ್ಲ. ನಾಕ್ನೇ ದಿನ ಗೋಲಿ ಆಡಕ್ಕ ಯಾರೂ ಇರ್ನಿಲ್ಲ. ಏನ್ ಮಾಡದು?” ಎಂದು ಅವನು ಎಳನೀರು ಕೆತ್ತಿ ಕೊಟ್ಟ.

ರಾತ್ರಿ ಶೆನ್ ಗೊಂಗ್‌ಬಾವ್‌ನ ಕೊನೆಯ ಕಥೆ ಹೇಳಿದೆ. ಗುರು ಅವನನ್ನು ಹಿಡಿಸಿದಾಗ, “ಇನ್ನು ತಂಟೆಗೆ ಹೋದರೆ ನನ್ನ ಮೈಯಿಂದ ಉತ್ತರ ಸಮುದ್ರದ ಕಣ್ಣು ಮುಚ್ಚಿಬಿಡಿ” ಎಂದು ಆಣೆ ಮಾಡಿದ. ಆಣೆ ಮುರಿದ. ಸಮುದ್ರದ ತಳದ ತೂತಿಗೆ ಬಿರಡೆಯಾದ. ಆದರೆ ಅಲ್ಲಿಗೂ ಮುಗಿಯಲಿಲ್ಲ. ಯುದ್ಧವೆಲ್ಲ ಮುಗಿದ ಮೇಲೆ ಆ ಪಟ್ಟಿಯನ್ನು ತೆರೆದು ಓದಿದಾಗ ಶೆನ್‌ನ ಹೆಸರೂ ಇತ್ತು. ಪೂರ್ವ ಸಮುದ್ರದ ನೀರನ್ನು ನೋಡಿಕೊಳ್ಳುವ ಕೆಲಸ ಅವನಿಗೆ. ಅವನಿಗೆ ಆ ಪದವಿ ಕೊಟ್ಟವನು ಯಾರು? ಜಿಯಾಂಗ್ ಝಿಯಾನೇ.

“ಝಿಯಾಗೆ ಬೇಜಾರಾಗಲಿಲ್ವಾ?” ಎಂದ ಮೊಮ್ಮಗ.

“ಅವನನ್ನೇ ಕೇಳಬೇಕು. ಆದರೆ ಒಂದು ನೆನಪಿಡು. ಶೆನ್‌ಗೂ ಅವತ್ತು ಒಂದು ಗರಿ ಸಿಕ್ಕಿತ್ತು. ಅವನು ತೆಗೆದುಕೊಳ್ಳಲಿಲ್ಲ.”

ಸ್ವಲ್ಪ ಹೊತ್ತಿನ ನಂತರ ಅವನು ಎದ್ದು ಬಂದ. “ತಾತ, ನಿಮ್ಮ ಫೋನ್ ಕೊಡಿ. ಕ್ಲಾಸಲ್ಲಿ ಒಬ್ಬನಿದಾನೆ, ಅವನ ಹತ್ರ ಒಂದು ಮಾತು ಹೇಳಬೇಕು.” ಯಾರು, ಏನು ಎಂದು ಕೇಳದೆ ಕೊಟ್ಟೆ. ಅವನು ಜಗಲಿಯ ಆ ತುದಿಗೆ ಹೋಗಿ ಮಾತಾಡಿದ. ಮೊದಮೊದಲು ದನಿ ನಮ್ಮ ಶೆನ್‌ನ ಹಾಗೆ ತೊದಲುತ್ತಿತ್ತು. ಆಮೇಲೆ ನಗು ಕೇಳಿಸಿತು.

ಮಕ್ಕಳೇ, ನಿಮ್ಮೂರಿನ ಕಥೆಯಲ್ಲೂ ಒಬ್ಬ ಶ್ರವಣ ಇದ್ದೇ ಇರುತ್ತಾನೆ. ಈ ವಾರ ಅಜ್ಜಿಯನ್ನು ಕೇಳಿ ಹೇಳಿಸಿಕೊಳ್ಳಿ. ಅಜ್ಜ ಅಜ್ಜಿಯರೇ, ಶ್ರವಣನ ಕಥೆ ಮುಗಿದ ಮೇಲೆ ನಿಮ್ಮದೂ ಒಂದು ಹೇಳಿ. ಗೆದ್ದದ್ದಲ್ಲ, ನಾಚಿಕೆಪಟ್ಟದ್ದು.